ಬಾಲಚಂದ್ರ ತಿದ್ದದೆ ಬಿಟ್ಟ ದಾಖಲೆ

ತೀರಿಕೊಂಡು ಇನ್ನೂ ತಿಂಗಳು ತುಂಬದ ನಮ್ಮ ಬಾಲಚಂದ್ರ, ದೇವಸ್ಥಾನದ ಪೂಜೆಯ ಮನೆತನದಲ್ಲಿ ಹುಟ್ಟಿಯೂ ಪೂಜೆಗೆ ನಿಲ್ಲದೆ, ಫಳ್ನೀರಿನ ಒಂದು ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕಂಪ್ಯೂಟರ್ ಮುಂದೆ ಕೂತವನು. ರೋಗಿಗಳ ಮನೆಗೆ ಆಕ್ಸಿಜನ್ ಮೆಷಿನ್ ಬಾಡಿಗೆಗೆ ಕೊಡುವ ಅಂಗಡಿ ಅದು. ಯಾವ ಮೆಷಿನ್ ಯಾರ ಮನೆಯಲ್ಲಿ ಉಂಟು, ಇನ್ನೂ ಬೇಕೋ ಸಾಕೋ ಎಂಬುದೆಲ್ಲ ಒಂದು ಸಾಫ್ಟ್‌ವೇರಿನಲ್ಲಿ ದಾಖಲು.

ಆ ದಾಖಲೆಗಳಲ್ಲಿ ಏನು ಬದಲಾದರೂ ತಿಳಿಯುವ ವ್ಯವಸ್ಥೆಯನ್ನು ಅವನೇ ಕಟ್ಟಿದ್ದ. "ಈ ವೆಬ್‌ಹುಕ್ ಅಂದ್ರೆ ಎಂತ ಬಾಲಣ್ಣ?" ಎಂದು ಫೋನ್ ನೋಡಿಕೊಳ್ಳುವ ಆಮ್ನಾ ಒಮ್ಮೆ ಕೇಳಿದ್ದಳು.

"ಏನೋ ಬದಲಾಗಿದೆ ಅಂತ ಸಾಫ್ಟ್‌ವೇರ್ ನಮ್ಮ ಬಾಗಿಲು ಬಡಿಯುದು. ಎಂತ ಬದಲಾದದ್ದು ಅಂತ ನಾವು ಹೋಗಿ ವಿಚಾರಿಸುವ ಕಿಟಕಿ ಎಪಿಐ."

"ಹಾಗಾದ್ರೆ ನಮ್ಮ ಬಿಲ್ಡಿಂಗಿನ ಹೆಂಗಸರ ಹಾಗೆ!"

ಹಳೆಯದೇನಿತ್ತು, ಹೊಸದೇನು, ಯಾರು ತಿದ್ದಿದರು, ಯಾವಾಗ ಎಂದು ಅವನ ಪ್ರೋಗ್ರಾಂ ಬರೆದಿಡುತ್ತಿತ್ತು. 'ಬಳಕೆಯಲ್ಲಿದೆ' ಎಂಬುದು 'ಮುಗಿದಿದೆ' ಆದರೆ ಸಾಕು, ವ್ಯಾನ್ ಓಡಿಸುವ ರಾಝಿಕ್‌ನ ಮೊಬೈಲಿಗೆ ಆ ಮನೆಯ ವಿಳಾಸ ಹೋಗುತ್ತಿತ್ತು. ರೋಗಿ ಹೋದ ದಿನವೇ ತಿದ್ದಬೇಕು, ಇನ್ನೊಬ್ಬರು ಉಸಿರಿಗೆ ಕಾಯುತ್ತಿರುತ್ತಾರೆ ಎಂಬುದು ಬಾಲಚಂದ್ರನ ನಿಯಮ. ಮರೆತವರಿಗೆ ಎಲ್ಲರೆದುರು ಬೈಯುತ್ತಿದ್ದ.

ಹೋದ ವರ್ಷ ಮಾರ್ಚಿನಲ್ಲಿ ಅವನ ಹೆಂಡತಿ ಮುಕ್ತಾ ಹೋದಳು. ಪಡೀಲಿನ ಮನೆಯಲ್ಲಿ ಅವಳ ಮಂಚದ ಪಕ್ಕ ಎರಡು ವರ್ಷ ಇದ್ದದ್ದೂ ಅಂಗಡಿಯದೇ ಮೆಷಿನ್. ಹದಿಮೂರು ದಿನ ಕಳೆದು ಕೆಲಸಕ್ಕೆ ಬಂದವನು ಅವಳ ದಾಖಲೆ ತೆರೆದ, ನೋಡಿದ, ಮುಚ್ಚಿದ. ಅವನ ವ್ಯವಸ್ಥೆ ಹೇಳುವುದು ತಿದ್ದಿದ್ದನ್ನು ಮಾತ್ರ. ತಿದ್ದದೆ ಬಿಟ್ಟದ್ದರ ಸುದ್ದಿ ಅದಕ್ಕಿಲ್ಲ. ಅಂಗಡಿಯಲ್ಲಿ ಗೊತ್ತಿದ್ದವರೂ ಕೇಳಲಿಲ್ಲ.

ಸಂಜೆ ಏಳಕ್ಕೆ ಮನೆಗೆ ಬಂದು ಮೆಷಿನ್ನಿನ ಸ್ವಿಚ್ ಹಾಕುತ್ತಿದ್ದ. ಆ ಗುಂಯ್ ಸದ್ದಿನಲ್ಲಿ ಗಂಜಿ ಉಂಡು, ಪಾತ್ರೆ ತೊಳೆದು, ಆಮೇಲೆ ಆರಿಸುತ್ತಿದ್ದ. ಆ ಸದ್ದನ್ನು ಮೀರಿಸಿ ಜೋರಾಗಿ ಮಾತಾಡಿ ಗಂಡಹೆಂಡತಿ ಇಬ್ಬರಿಗೂ ಅಭ್ಯಾಸವಾಗಿತ್ತು. ಮಾತು ಹೋಯಿತು, ಸದ್ದಾದರೂ ಇರಲಿ ಎಂದುಕೊಂಡಿದ್ದ. ಹೀಗೆ ಒಂದು ತಿಂಗಳು.

ಒಂದು ಮಂಗಳವಾರ ಮಧ್ಯಾಹ್ನ ಆಮ್ನಾ ಮೇಜಿನ ಬಳಿ ಬಂದು ನಿಂತಳು.

"ಬಾಲಣ್ಣ, ಕದ್ರಿಯ ವಿನೋದಾ ಅಂತ ಒಬ್ರು. ಮೆಷಿನ್ ಇಲ್ಲದೆ ಆಸ್ಪತ್ರೆಯಿಂದ ಮನೆಗೆ ಬಿಡುದಿಲ್ಲ ಅಂತಾರಂತೆ. ನಮ್ಮಲ್ಲಿ ಒಂದೂ ಇಲ್ಲ."

"ಬೇರೆ ಕಡೆ ಕೇಳಿದ್ಯಾ?"

"ಮೂರು ಕಡೆ ಕೇಳಿದೆ. ಅವರ ಗಂಡ ಕೆಳಗೆ ಕೂತಿದ್ದಾರೆ. ನಾನು ಎಂತ ಹೇಳ್ಲಿ?"

ಅವಳು ಪಡೀಲಿನ ಮೆಷಿನ್ನಿನ ಮಾತೆತ್ತಲಿಲ್ಲ. ಅದೇ ಅವನಿಗೆ ತಡೆಯದಾಯಿತು.

"ಸಿಗ್ತದೆ ಅಂತ ಹೇಳು."

ಅವಳು ಹೋದ ಮೇಲೆ ಮುಕ್ತಾಳ ದಾಖಲೆ ತೆರೆದು 'ಮುಗಿದಿದೆ' ಒತ್ತಿದ. ಕಾರಣ ಆರಿಸದೆ ಅದು ಮುಂದೆ ಹೋಗುವುದಿಲ್ಲ. ಹಾಗೆ ಮಾಡಿಟ್ಟವನೂ ಅವನೇ. ಗುಣವಾಗಿದೆ, ಆಸ್ಪತ್ರೆಗೆ ಸೇರಿದ್ದಾರೆ, ತೀರಿಕೊಂಡಿದ್ದಾರೆ. ಮೂರನೆಯದನ್ನು ಒತ್ತಿದ.

ಕೆಳಗೆ ರಾಝಿಕ್‌ನ ಮೊಬೈಲ್ ಟಿಣ್ ಎಂದಿರಬೇಕು. ಎರಡು ನಿಮಿಷದಲ್ಲಿ ಅವನು ಮೆಟ್ಟಿಲು ಹತ್ತಿ ಬಂದ.

"ಬಾಲಣ್ಣ, ಕೀ ಕೊಡಿ. ನೀವು ಬರುದು ಬೇಡ."

"ಬರ್ತೇನೆ ಮಾರಾಯ. ಫಿಲ್ಟರ್ ತೊಳೀಬೇಕು. ನೀನು ಹಾಗೇ ಎತ್ಕೊಂಡು ಹೋಗ್ತಿ."

"ಹತ್ತು ವರ್ಷದಿಂದ ನಾನೆಂತ ಹೂ ಕಟ್ತಿದ್ದೇನಾ?" ಎಂದ ರಾಝಿಕ್. ಇಬ್ಬರೂ ನಗಲಿಲ್ಲ.

ಮನೆಯಲ್ಲಿ ಬಾಲಚಂದ್ರ ಫಿಲ್ಟರನ್ನು ನಲ್ಲಿಯ ಕೆಳಗೆ ತೊಳೆದು, ಮೈ ಒರೆಸುವ ಬೈರಾಸಿನಲ್ಲಿ ಒತ್ತಿ ಒತ್ತಿ ನೀರು ತೆಗೆದು, ಫ್ಯಾನಿನಡಿ ಒಣಗಿಸಿಯೇ ಕೊಟ್ಟ. ಮೂಗಿಗೆ ಹಾಕುವ ಪೈಪ್ ಒಬ್ಬರದು ಇನ್ನೊಬ್ಬರಿಗೆ ಕೊಡುವಂತಿಲ್ಲ; ಮುಕ್ತಾಳದ್ದು ಮಂಚದ ಮೇಲೆ ಉಳಿಯಿತು. ಐದೂವರೆಗೆ ಕದ್ರಿಯ ದಾಖಲೆ 'ಬಳಕೆಯಲ್ಲಿದೆ' ಆಯಿತು.

ಏಳಕ್ಕೆ ಗಂಜಿ ಬಡಿಸಿಕೊಂಡು ಕೂತಾಗ ತಾನು ನುಂಗುವ ಸದ್ದು ತನಗೇ ಕೇಳಿತು. ಬಟ್ಟಲು ಹಿಡಿದುಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಬಂಟ್ವಾಳದ ಬಸ್ಸುಗಳು ಸದ್ದು ಮಾಡುತ್ತ ಹೋಗುತ್ತಿದ್ದವು. ಉಪ್ಪಿನಕಾಯಿ ಒಳಗೇ ಮರೆತಿದ್ದ, ತರಲು ಏಳಲಿಲ್ಲ.