ಹೋಗೋ ಹಾಡು, ಬರೋ ಹಾಡು

ಬೆಳಗಿನ ಐದೂ ಮುಕ್ಕಾಲು. ಬೋಟಿನ ಮೂತಿಯಲ್ಲಿ ನಿಂತರೆ ಬೋಟಿನ ಬಾಲ ಕಾಣುವುದಿಲ್ಲ, ಅಷ್ಟು ಮಂಜು. ಹಗ್ಗದಕ್ಕ ದಡದ ಗೂಟದಿಂದ ಒದ್ದೆ ಹಗ್ಗ ಬಿಡಿಸಿ, ಮೊಣಕೈಗೆ ಸುತ್ತಿಕೊಂಡು, ಒಂದೇ ನೆಗೆತಕ್ಕೆ ಬೋಟು ಹತ್ತುತ್ತಾಳೆ. ಐವತ್ತೆರಡು ತುಂಬಿದ ಮೊಣಕಾಲು ಲಟಕ್ಕೆನ್ನುತ್ತದೆ. ಮುಂದಿನ ಕಂಬಿಗೆ ಸೈಕಲ್ ಟ್ಯೂಬಿನಿಂದ ಬಿಗಿದಿರುವ ಕೆಂಪು ಟೇಪ್ ರೆಕಾರ್ಡರಿನ ಗುಂಡಿ ಒತ್ತುತ್ತಾಳೆ. ಹೆಣ್ಣು ದನಿಯೊಂದು ಹಳೆಯ ಹಾಡು ಎತ್ತಿಕೊಳ್ಳುತ್ತದೆ. ಬೋಟು ಕದಲುತ್ತದೆ.

ಪಲ್ಲವಿ ಮುಗಿಯುತ್ತಲೇ ಹಗ್ಗದಕ್ಕ ಹಾಡಿನ ದನಿ ತಗ್ಗಿಸುತ್ತಾಳೆ. ಕತ್ತು ಚಾಚಿ, ಬಾಯೊಳಗೇ ಐದರವರೆಗೆ ಎಣಿಸುತ್ತಾಳೆ. ಮಂಜಿನೊಳಗೆ ಎಲ್ಲೋ ಮರಕ್ಕೆ ಮರ ಬಡಿದ ಸದ್ದು: ಟಕ್, ಟಕ್.

"ಬಲಕ್ಕೊಂದು!"

ಮೇಲೆ ಚುಕ್ಕಾಣಿ ಹಿಡಿದವನು ಬೋಟನ್ನು ಎಡಕ್ಕೆ ವಾಲಿಸುತ್ತಾನೆ. ಹಾಡು ಮತ್ತೆ ಏರುತ್ತದೆ.

ಮೇಲಂತಸ್ತಿನ ಕುರ್ಚಿಗಳಲ್ಲಿ ಕುಳಿತವರಿಗೆ ಇದು ಗಲಾಟೆ. ಕೆಳಗೆ ನೀರಿನ ಮೇಲೆ ಬಲೆ ಬಿಟ್ಟುಕೊಂಡು ಕುಳಿತಿರುವ ಇಪ್ಪತ್ತು ಮೂವತ್ತು ಪುಟ್ಟ ದೋಣಿಗಳಿಗೆ ಇದೇ ಕಣ್ಣು. ಬೋಟು ಆಚೆ ದಡಕ್ಕೆ ಹೊರಟಾಗ ಹೆಣ್ಣು ದನಿ. ಈಚೆಗೆ ಮರಳುವಾಗ ಗಂಡು ದನಿ. ಒಂದೇ ಕ್ಯಾಸೆಟ್ಟಿನ ಎರಡು ಮಗ್ಗುಲು. ದನಿ ಕೇಳಿದರೆ ಸಾಕು, ಬೋಟು ಯಾವ ಕಡೆಗೆ ಹೊರಟಿದೆ, ತಾವು ಎತ್ತ ಸರಿಯಬೇಕು ಎಂದು ಬಲೆಯವರಿಗೆ ಗೊತ್ತಾಗುತ್ತದೆ. ತಾವು ಎಲ್ಲಿದ್ದೇವೆಂದು ಹುಟ್ಟುಗೋಲಿನಿಂದ ದೋಣಿಯ ಅಂಚಿಗೆ ಎರಡೇಟು ಬಡಿದು ತಿಳಿಸುತ್ತಾರೆ.

ಹಾರನ್ ಇಲ್ಲವೇ ಎಂದರೆ ಹಗ್ಗದಕ್ಕನಿಗೆ ನಗು. "ಅದು ಒಂದ್ಸಲ ಕೂಗಿ ಸುಮ್ನಾಗುತ್ತೆ. ಆಚೆ ದಡಕ್ಕೆ ಬಡಿದು, ಈಚೆ ದಡಕ್ಕೆ ಬಡಿದು, ನಾಲ್ಕೂ ಕಡೆಯಿಂದ ಬಂದಂಗೆ ಕೇಳುತ್ತೆ. ಹಾಡು ಹಂಗಲ್ಲ. ಹತ್ರ ಬರ್ತಾ ಇದ್ಯಾ, ದೂರ ಹೋಗ್ತಾ ಇದ್ಯಾ ಅಂತ ಮಗೂಗೂ ತಿಳಿಯುತ್ತೆ."

ದಿನಕ್ಕೆ ಇಪ್ಪತ್ತೆರಡು ಸಲ ನದಿ ದಾಟುವುದು, ಸಲಕ್ಕೆ ಹದಿನೆಂಟು ನಿಮಿಷ. ನಲವತ್ತನಾಲ್ಕು ಸಲ ಹಗ್ಗ ಬಿಚ್ಚುವುದು, ಬಿಗಿಯುವುದು. ಅಂಗೈ ಹಳೆಯ ಚಪ್ಪಲಿಯ ಅಟ್ಟೆಯಂತಾಗಿದೆ. ಹತ್ತೊಂಬತ್ತು ವರ್ಷದಿಂದ ಇದೇ ಬೋಟು, ಹತ್ತೊಂಬತ್ತು ವರ್ಷದಿಂದಲೂ ಅವಳು 'ತಾತ್ಕಾಲಿಕ'. ಬೋಟು ಎರಡು ಸಲ ಬಣ್ಣ ಬದಲಿಸಿತು, ಕಚೇರಿ ಐದು ಸಲ ಅಧಿಕಾರಿಗಳನ್ನು ಬದಲಿಸಿತು. ಈ ಒಂದು ಪದವನ್ನು ಬದಲಿಸಲು ಮಾತ್ರ ಯಾರ ಪೆನ್ನಿನಲ್ಲೂ ಶಾಯಿ ಇರಲಿಲ್ಲ.

ದಡದ ಹಿಂದಿನ ಓಣಿಯಲ್ಲಿ ಅವಳದು ಒಂದೇ ಕೋಣೆಯ ಮನೆ. ಕಿಟಕಿಯ ಕಟ್ಟೆಯ ಮೇಲೆ ಟೇಪ್ ರೆಕಾರ್ಡರಿನ ಆರು ಸೆಲ್ಲುಗಳು ಸಾಲಾಗಿ ಬಿಸಿಲು ಕಾಯಿಸುತ್ತಿವೆ. ಕಾದರೆ ಇನ್ನೊಂದು ದಿನ ದುಡಿಯುತ್ತವೆ. "ನಮ್ಮಮ್ಮ ನನ್ನನ್ನೂ ಇಷ್ಟು ಬಿಸಿಲಿಗೆ ಹಿಡಿದಿದ್ರೆ ನನ್ನ ಮೂಳೆ ಗಟ್ಟಿಯಾಗ್ತಿತ್ತು" ಎಂದು ಮಗಳು ಛೇಡಿಸುತ್ತಾಳೆ.

ಮಂಜಿಲ್ಲದ ದಿನವೂ ಕ್ಯಾಸೆಟ್ ತಿರುಗಿಸುವುದನ್ನು ಹಗ್ಗದಕ್ಕ ಬಿಡುವುದಿಲ್ಲ. ಒಮ್ಮೆ ಬಿಟ್ಟಿದ್ದಳು. ಎರಡು ವರ್ಷದ ಹಿಂದೆ, ಮಂಜು ಕವಿದ ಬೆಳಿಗ್ಗೆ, ಆಚೆ ದಡದಲ್ಲಿ ಬೋಟು ಹತ್ತಿದ ಹೆಂಗಸೊಬ್ಬಳು, "ಆ ಹಾಡು ನನ್ನಕ್ಕ ಹಾಡ್ತಿದ್ಲು, ಇನ್ನೊಂದ್ಸಲ ಹಾಕಮ್ಮಾ" ಎಂದು ಕೈ ಹಿಡಿದುಕೊಂಡಳು. ಹಗ್ಗದಕ್ಕನ ಮನಸ್ಸು ಕರಗಿತು. ಮರಳುವ ಬೋಟಿನಲ್ಲಿ ಹೋಗೋ ಹಾಡೇ ಮೊಳಗಿತು. ಬೋಟು ಆಚೆಗೆ ಹೋಗುತ್ತಿದೆಯೆಂದು ನಂಬಿದ ಪುಟ್ಟ ದೋಣಿಯೊಂದು ನೇರ ಅದರ ಮೂತಿಯ ಮುಂದಕ್ಕೇ ಬಂತು. ದೋಣಿಯ ಪಕ್ಕೆ ಸೀಳಿತು. ನೀರಿಗೆ ಬಿದ್ದವನನ್ನು ಹಗ್ಗ ಎಸೆದು ಎಳೆದುಕೊಂಡು ನೋಡಿದರೆ, ಅವಳ ಗಂಡ.

"ಇಪ್ಪತ್ತೈದು ವರ್ಷದ ಜಗಳದ ಸೇಡು ಒಂದೇ ಬೆಳಿಗ್ಗೆ ತೀರಿಸ್ಕೊಂಡ್ಲು" ಎಂದು ಅವನು ಈಗಲೂ ದಡದಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾನೆ. ಅವಳು ನಗುವುದಿಲ್ಲ. ಅಂದಿನಿಂದ ಬೇರೊಬ್ಬರ ಬೆರಳಾಗಲಿ ಮಾತಾಗಲಿ ಆ ಪೆಟ್ಟಿಗೆಯನ್ನು ಮುಟ್ಟಿಲ್ಲ.

ಈಗ ಅದನ್ನು ಮುಟ್ಟಲು ಸುತ್ತೋಲೆ ಬಂದಿದೆ. ಮುಂದಿನ ತಿಂಗಳ ಒಂದರಿಂದ ಬೋಟಿನಲ್ಲಿ ಖಾಸಗಿ ಸಂಗೀತ ಸಾಧನ ನಿಷೇಧ. ಮೇಲಂತಸ್ತಿನಿಂದ ದೂರು ಬಂದಿದೆಯಂತೆ. ಅದೇ ಮೇಲಂತಸ್ತಿನಲ್ಲಿ ಸೋಪು, ಪೇಸ್ಟುಗಳ ಜಾಹೀರಾತು ಕೂಗಲು ಹತ್ತು ಹೊಸ ಸ್ಪೀಕರುಗಳು ಬಂದಿವೆ. ಅವುಗಳ ಕೂಗು ಯಾರ ಕಿವಿಗೂ ಗಲಾಟೆಯಲ್ಲ! ಸುತ್ತೋಲೆ ಬರೆದ ಕೈ ಒಮ್ಮೆಯಾದರೂ ಒದ್ದೆ ಹಗ್ಗ ಹಿಡಿದಿದ್ದರೆ, ಮಂಜಿನಲ್ಲಿ ಕಿವಿಯೇ ಕಣ್ಣೆಂದು ಅದಕ್ಕೆ ತಿಳಿಯುತ್ತಿತ್ತು.

ಕಳೆದ ಮಂಗಳವಾರ ಕಚೇರಿಯಿಂದ ಸಾಹೇಬರೊಬ್ಬರು ಪರಿಶೀಲನೆಗೆಂದು ಮೊದಲ ಬೋಟಿಗೇ ಬಂದರು. "ಒಂದನೇ ತಾರೀಖಿನವರೆಗೆ ಯಾಕೆ ಕಾಯೋದು? ಈಗಲೇ ನಿಲ್ಸಮ್ಮ" ಎಂದರು. ಹಗ್ಗದಕ್ಕ ಗುಂಡಿ ಒತ್ತಿದಳು. ಹಾಡು ನಿಂತಿತು. ಅದರ ಹಿಂದೆಯೇ ಎಂಜಿನ್ನೂ ನಿಂತಿತು.

"ಏನಯ್ಯಾ, ನಡುನೀರಲ್ಲಿ ನಿಲ್ಲಿಸ್ತೀಯಾ?"

"ನನ್ನ ಕಣ್ಣಿಗೆ ನೀವೇ ಬಟ್ಟೆ ಕಟ್ಟಿದ್ರಲ್ಲಾ ಸಾರ್" ಎಂದ ಮೇಲಿನಿಂದ ಚುಕ್ಕಾಣಿಯವನು.

"ಹಾರನ್ ಹೊಡಿ!"

ಹೊಡೆದ. ಸದ್ದು ಎಡಬಲ ಹಿಂದುಮುಂದಿನಿಂದೆಲ್ಲ ಮರಳಿ ಬಂತು. ಮಂಜಿನೊಳಗಿಂದ ಯಾರೋ ಚೀರಿದರು: "ಯಾವ ಕಡೆಗ್ರೋ? ಯಾವ ಕಡೆಗೆ?" ಬೋಟು ಸೆಳವಿಗೆ ಸಿಕ್ಕು ಮೆಲ್ಲನೆ ಅಡ್ಡ ತಿರುಗತೊಡಗಿತು. ಸಾಹೇಬರು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಹಾಕಮ್ಮ... ಹಾಕು, ಹಾಕು."

ಹೆಣ್ಣು ದನಿ ಬಿಟ್ಟಲ್ಲಿಂದಲೇ ಎತ್ತಿಕೊಂಡಿತು. ಹಗ್ಗದಕ್ಕ ದನಿ ತಗ್ಗಿಸಿ ಎಣಿಸಿದಳು. ಮೂರಕ್ಕೇ ಸದ್ದು ಬಂತು, ಬೋಟಿನ ಮೂತಿಯ ಬುಡದಿಂದಲೇ: ಟಕ್, ಟಕ್. ಜೊತೆಗೇ ಒಂದು ಬೈಗುಳ: "ಏನೇ, ನಿಂತ್ಕೊಂಡೇ ನಿದ್ದೆ ಹೊಡೀತಿದ್ಯಾ?"

"ಸರ್ಕೊಳ್ಳಯ್ಯಾ, ಸಾಹೇಬ್ರಿದ್ದಾರೆ!" ಎಂದು ಗಂಡನಿಗೆ ಕೂಗಿದಳು. ದನಿ ಗಟ್ಟಿಯಾಗಿಯೇ ಇತ್ತು. ಬೆರಳನ್ನು ಮಾತ್ರ ದಡ ಮುಟ್ಟುವವರೆಗೂ ಗುಂಡಿಯಿಂದ ತೆಗೆಯಲಿಲ್ಲ.

ಇಳಿಯುವಾಗ ಸಾಹೇಬರು, "ಬರವಣಿಗೆಯಲ್ಲಿ ಏನಾದರೂ ಕೊಡಿ, ನೋಡೋಣ" ಎಂದರಂತೆ. ಕಣ್ಣಾರೆ ಕಂಡದ್ದನ್ನು ಮತ್ತೆ 'ನೋಡಲು' ಅವರಿಗೆ ಕಾಗದ ಬೇಕು. ಇರಲಿ. ಒಂದನೇ ತಾರೀಖಿಗೆ ಇನ್ನು ಎಂಟೇ ದಿನ.

ಇಂದು ಬೋಟು ಎರಡನೆಯ ಸಲ ಈಚೆ ದಡಕ್ಕೆ ಬಂದಿದೆ. ಮಂಜು ಹರಿದಿದೆ. ಮಗಳಿಂದ ಬರೆಸಿದ ಅರ್ಜಿಯನ್ನು ಹಗ್ಗದಕ್ಕ ರವಿಕೆಯೊಳಗಿಂದ ತೆಗೆದು ಚುಕ್ಕಾಣಿಯವನ ಕೈಗಿಡುತ್ತಾಳೆ. ಅವನು ಗಟ್ಟಿಯಾಗಿ ಓದುತ್ತಾನೆ. ಇರುವುದು ಒಂದೇ ಕೋರಿಕೆ: ಬೋಟಿನ ಗೋಡೆಯ ಮೇಲೆ ಬರೆದಿರುವ ಸಾಮಾನಿನ ಪಟ್ಟಿಗೆ, ಅಂದರೆ ಲಂಗರು, ಹಗ್ಗ, ತೇಲುವ ಟ್ಯೂಬು, ಬೆಂಕಿ ಆರಿಸುವ ಮರಳಿನ ಬಕೆಟ್ಟು ಇವುಗಳ ಕೆಳಗೆ, 'ಟೇಪ್ ರೆಕಾರ್ಡರ್ ಒಂದು' ಎಂದು ಸೇರಿಸಬೇಕು.

"ಅಕ್ಕಾ, ಬರೆದಿದ್ದೇ ಬರೆದೆ, ನಿನ್ನ ಕೆಲಸ ಕಾಯಂ ಮಾಡಿ ಅಂತ ಒಂದು ಸಾಲು ಸೇರಿಸಬಾರದಿತ್ತಾ?"

ಅವಳಾಗಲೇ ಕ್ಯಾಸೆಟ್ ಹೊರತೆಗೆದಿದ್ದಾಳೆ. ಸೆರಗಿನಿಂದ ಒರೆಸಿ, ಮಗ್ಗುಲು ತಿರುಗಿಸಿ, ಒಳಗಿಟ್ಟು ಮುಚ್ಚಳ ಒತ್ತುತ್ತಾಳೆ.

"ಮೊದಲು ಪೆಟ್ಟಿಗೆ ಸೇರಲಿ ತಮ್ಮಾ. ಅದು ಪಟ್ಟಿಗೆ ಹತ್ತಿದ್ರೆ, ತಿರುಗಿಸಿ ಹಾಕೋಕೆ ಒಂದು ಕೈ ಬೇಕು ಅನ್ನೋದು ಅವರಿಗೇ ಹೊಳೆಯುತ್ತೆ. ನಡಿ, ಹೊತ್ತಾಯ್ತು."

ಹಗ್ಗ ಬಿಚ್ಚುತ್ತಾಳೆ.