ಟವೆಲ್ ಯಾರದು, ಮಿಲ್ಲು ಯಾರದು

ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಆಪರೇಟರ್‌ಗೆ ಮಾಲೀಕರ ಫೋನ್ ಬಂತು.

ಅಕ್ಕಿಆಲೂರಿನ ಆ ರೈಸ್ ಮಿಲ್ಲಿನಲ್ಲಿ ನಾನು ಸೂಪರ್‌ವೈಸರ್. ಭತ್ತ ಮೇಲೆತ್ತುವ ಬಕೆಟ್ ಬೆಲ್ಟು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಹಿರಿಯ ಹಮಾಲನೊಬ್ಬ ಬೆಲ್ಟಿನ ಬುಡದ ಗುಂಡಿಗೆ ಇಳಿದಿದ್ದ. ಇಳಿಯುವ ಮೊದಲು ತನ್ನ ಟವೆಲನ್ನು ಸ್ಟಾರ್ಟರ್ ಹಿಡಿಕೆಗೆ ಕಟ್ಟಿದ್ದ. ಕಟ್ಟಿದವನೇ ಬಿಚ್ಚಬೇಕು, ಬೇರೆ ಯಾರೂ ಮುಟ್ಟಬಾರದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ.

ಬರೆದಿಟ್ಟದ್ದು ಬೇರೆ. ಆಪರೇಟರ್ ನನ್ನ ಮಾತು ಕೇಳಬೇಕು, ನಾನು ಮ್ಯಾನೇಜರರದು, ಮ್ಯಾನೇಜರ್ ಮಾಲೀಕರದು. ಆದರೆ ಮಾಲೀಕರು ಶಿಗ್ಗಾವಿಯ ಮನೆಯಲ್ಲಿ ಕುಳಿತು ಯಾರಿಗೆ ಬೇಕಾದರೂ ಹುಕುಂ ಕೊಡುತ್ತಿದ್ದರು. ಮಷೀನು ಯಾಕೆ ನಿಂತಿದೆ, ಲಾರಿ ಕಾಯುತ್ತಿದೆ ಎಂದು ಅಂದೂ ರೇಗಿದರು. ಸ್ಪೀಕರ್ ಹಾಕಿದ್ದರಿಂದ ಎಲ್ಲವೂ ನನಗೆ ಕೇಳುತ್ತಿತ್ತು.

“ಟವೆಲ್ ಐತ್ರಿ ಧಣ್ಯಾರ,” ಎಂದ ಆಪರೇಟರ್.

“ಟವೆಲ್ ಯಾರದಲೇ, ಮಿಲ್ಲು ಯಾರದು? ಅಂವ ಬೀಡಿ ಸೇದಾಕ ಹೋಗಿರ್ತಾನ. ಚಾಲೂ ಮಾಡು.”

ಆಪರೇಟರ್ ನನ್ನ ಮುಖ ನೋಡಿದ. ಬೇಡ ಎಂದು ನಾನು ತಲೆಯಾಡಿಸಿದ್ದರೂ ಸಾಕಿತ್ತು. ಬಿ.ಕಾಂ. ಓದಿದ ನಾನು ಮಾಲೀಕರ ದನಿಗೆ ಹೆದರಿ ಕಲ್ಲಿನಂತೆ ನಿಂತೆ. ಅವನು ಟವೆಲ್ ಬಿಚ್ಚಿ ಹಿಡಿಕೆ ಎತ್ತಿದ. ಗುಂಡಿಯಿಂದ ಕೂಗು ಬಂದಾಗ ಓಡಿಹೋಗಿ ಮೇನ್ ಸ್ವಿಚ್ ಎಳೆದೆ. ಹಮಾಲ ಬದುಕಿದ. ಬಲಗೈಯ ಮೂರು ಬೆರಳು ಹೋದವು.

ಮರುದಿನ ಮ್ಯಾನೇಜರ್ ಟೈಪಾದ ಹಾಳೆಯೊಂದನ್ನು ನನ್ನ ಮುಂದೆ ಸರಿಸಿದರು. ಆಪರೇಟರ್ ಯಾರನ್ನೂ ಕೇಳದೆ ಮಷೀನು ಚಾಲೂ ಮಾಡಿದ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿ ಬೇಕಿತ್ತು. ಮಾಲೀಕರ ಫೋನಿನ ಮಾತೆತ್ತಿದೆ.

“ಅಂವ ನಿಮ್ಮ ಕೈಕೆಳಗಿನಂವ,” ಎಂದರು ಮ್ಯಾನೇಜರ್ ಶಾಂತವಾಗಿ. “ಧಣ್ಯಾರು ಅಂವಗ ಯಾಕ ಹೇಳ್ತಾರ್ರೀ?”

ಆ ಶಾಂತತೆಗೆ ನನ್ನ ಮೈಯೆಲ್ಲ ಉರಿಯಿತು. ಹುಕುಂ ಕೊಡುವಾಗ ಮೇಲು ಕೆಳಗು ಇಲ್ಲ. ತಪ್ಪು ಹೊರಿಸುವಾಗ ಮಾತ್ರ ಒಂದೊಂದು ಮೆಟ್ಟಿಲೂ ನೆನಪಾಗುತ್ತದೆ, ಅದೂ ಕೆಳಗಿಳಿಯಲು ಮಾತ್ರ. ಸಹಿ ಹಾಕಲಿಲ್ಲ. ಆಗುವುದಿಲ್ಲ ಎಂದು ಹೇಳುವ ಧೈರ್ಯವೂ ಬರಲಿಲ್ಲ. ನಾಳೆ ನೋಡೋಣ ಎಂದು ದಿನ ತಳ್ಳಿದೆ. ಮನೆಯಲ್ಲಿ ಕಣ್ಣು ಮುಚ್ಚಿದರೆ ಬೆಲ್ಟು ಏರುತ್ತಿತ್ತು, ಆಪರೇಟರ್ ಮತ್ತೆ ನನ್ನತ್ತ ತಿರುಗುತ್ತಿದ್ದ.

ಕೊನೆಗೆ ಕಾರ್ಖಾನೆ ಇನ್ಸ್‌ಪೆಕ್ಟರ್ ಬಂದರು. ಮಾಲೀಕರು ಎದುರಿಗೇ ಕುಳಿತಿದ್ದರು. ಅಂದು ಫೋನಿನಲ್ಲಿ ಅವರಾಡಿದ ಮಾತನ್ನು ನನ್ನ ಹೇಳಿಕೆಯಲ್ಲಿ ಹಾಗೆಯೇ ಬರೆಸಿದೆ. ನಾನು ಸುಮ್ಮನೆ ನಿಂತದ್ದನ್ನೂ ಬರೆಸಿದೆ. ಸಂಜೆಗೆ ನನ್ನ ಕೆಲಸ ಹೋಯಿತು. ಹಾನಗಲ್ಲಿನ ಬಸ್ಸು ಹಿಡಿದು ಮನೆಗೆ ಬಂದು, ಉಂಡು ಮಲಗಿದೆ. ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿತ್ತು. ಅವ್ವ ಎರಡು ಸಲ ಚಹಾ ಕಾಸಿ ಇಟ್ಟಿದ್ದಳಂತೆ.