ಬಿಚ್ಚುವುದಕ್ಕೊಂದು ಕಾರು

ನಮ್ಮ ಮಗಳು ಕಾಲೇಜಿಗೆ ಹೋಗುವಾಗ ತನ್ನ ಕಾರನ್ನೂ ಒಯ್ದಳು. ಗ್ಯಾರೇಜಿನ ಅರ್ಧ ಖಾಲಿಯಾಯಿತು. ಅಲ್ಲೊಂದು ಟೇಬಲ್ ಟೆನಿಸ್ ಮೇಜು ಹಾಕೋಣವೆಂದು ನಾನು ಟೇಪು ಹಿಡಿದು ಅಳೆಯುತ್ತಿದ್ದ ವಾರವೇ ನನ್ನ ಹೆಂಡತಿ ಬಾಡಿಗೆ ಟ್ರಕ್ಕಿನಲ್ಲಿ ಉಕ್ಕಿನ ಕೊಳವೆಗಳ ಒಂದು ಚೌಕಟ್ಟನ್ನೂ ಫೈಬರ್‌ಗ್ಲಾಸಿನ ದೊಡ್ಡ ದೊಡ್ಡ ತುಂಡುಗಳನ್ನೂ ತಂದು ಇಳಿಸಿದಳು. ಅರಿಜೋನಾಕ್ಕೆ ಮನೆ ಬದಲಿಸುತ್ತಿದ್ದ ಯಾರೋ ಅರ್ಧಕ್ಕೆ ಕೈಬಿಟ್ಟ ಕಿಟ್ ಕಾರು ಅದು. ಅಂದರೆ ಮನೆಯಲ್ಲೇ ಜೋಡಿಸಿಕೊಳ್ಳುವ ಎರಡು ಸೀಟಿನ ಪುಟ್ಟ ಕಾರು. ಅಸ್ಥಿಪಂಜರ ಇತ್ತು, ಚರ್ಮ ಇತ್ತು. ಎಂಜಿನ್ ಇರಲಿಲ್ಲ, ಗೇರ್‌ಬಾಕ್ಸ್ ಇರಲಿಲ್ಲ, ಚಕ್ರಗಳಿರಲಿಲ್ಲ, ಒಂದು ತುಂಡು ವೈರೂ ಇರಲಿಲ್ಲ.

"ಉಳಿದದ್ದೆಲ್ಲ ಎಲ್ಲಿಂದ ಬರುತ್ತೆ?" ಎಂದು ಕೇಳಿದೆ.

"ಒಂದ್ ಹಳೇ ಕಾರ್ ತಗೊಂಡು ಪೂರ್ತಿ ಬಿಚ್ಚೋದ್ರೀ. ಅದಕ್ಕ ಡೋನರ್ ಕಾರ್ ಅಂತಾರ."

ದಾನಿ ಕಾರು. ರಕ್ತದಾನ, ನೇತ್ರದಾನ ಕೇಳಿದ್ದೆ. ಕಾರೂ ದಾನ ಮಾಡುತ್ತದೆಂದು ಗೊತ್ತಿರಲಿಲ್ಲ. ನಾನು ಮೈಸೂರಿನವನು, ಟೈರು ಬದಲಿಸಲೂ ಬಾರದವನು. ಅವಳು ಗದಗಿನವಳು. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಇಲ್ಲಿಗೆ ಬಂದಂದಿನಿಂದ ಮಾಡಿದ್ದು ಸಾಫ್ಟ್‌ವೇರ್ ಕೆಲಸ. ಇಷ್ಟು ವರ್ಷಗಳಲ್ಲಿ ಅವಳು ಸ್ಪ್ಯಾನರ್ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಹಾಗಾಗಿ ನನಗೆ ಕಾರಿಗಿಂತ ಅವಳ ಬಗ್ಗೆಯೇ ಹೆಚ್ಚು ಕುತೂಹಲವಾಯಿತು. ಕಾರು ಹುಡುಕಲು ಹೋಗುವಾಗಲೆಲ್ಲ ನಾನೂ ಬರುತ್ತೇನೆಂದೆ.

"ಬರ್ರಿ. ಆದ್ರ ಮಾರೋರ ಮುಂದ ಬಾಯಿ ಬಿಡಬ್ಯಾಡ್ರಿ," ಎಂದಳು.

ಯಾವ ಮಾದರಿ ಎಂಬುದರಲ್ಲಿ ಆಯ್ಕೆ ಇರಲಿಲ್ಲ. ಆ ಚೌಕಟ್ಟನ್ನು ಮಾಡಿರುವುದೇ ಜಪಾನಿನ ಒಂದು ಟಾಪ್ ತೆಗೆಯುವ ಪುಟ್ಟ ಕಾರಿನ ಭಾಗಗಳು ಕೂರುವಂತೆ. ಆದರೆ ಆ ಕಾರುಗಳು ಇಲ್ಲಿ ನೂರಾರು ಓಡಾಡುತ್ತವೆ. ಅವುಗಳಲ್ಲಿ ಯಾವುದು? ಕಡಿಮೆ ಖರ್ಚಿನಲ್ಲೇ ಮುಗಿಸಬೇಕೆಂದು ಅವಳೇ ಕಟ್ಟು ಹಾಕಿಕೊಂಡಿದ್ದಳು. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ ಕೊಂಡರೆ ಆಗದೇ ಎಂದು ಕೇಳಿದ್ದಕ್ಕೆ, "ಹಂಗ ತಂದ್ರ ಬೋಲ್ಟು, ವೈರು ಹುಡುಕೋದ್ರಾಗೇ ವರ್ಷ ಹೋಗ್ತದ. ಎಲ್ಲಾ ಒಂದೇ ಕಾರಿಂದು ಇರಬೇಕು," ಎಂದಳು.

ಮೊದಲು ನೋಡಿದ್ದು ಬಾಥೆಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ. ಮಾರುತ್ತಿದ್ದವನು ತೆಲುಗಿನ ಯುವಕ, ಮಿಷಿಗನ್‌ನಿಂದ ಕೆಲಸ ಬದಲಿಸಿ ಕಾರಿನ ಸಮೇತ ಬಂದವನು. ಕೆಂಪು ಕಾರು ಫಳಫಳ ಹೊಳೆಯುತ್ತಿತ್ತು. ನನಗೆ ನೋಡಿದ ಕೂಡಲೇ ಹಿಡಿಸಿತು. ಅವಳು ಮಾತ್ರ ಬಣ್ಣದ ಕಡೆ ತಿರುಗಿಯೂ ನೋಡದೆ, ತಂದಿದ್ದ ರಟ್ಟನ್ನು ನೆಲಕ್ಕೆ ಹಾಸಿ, ಟಾರ್ಚು, ಸ್ಕ್ರೂಡ್ರೈವರ್ ಹಿಡಿದು ಕಾರಿನ ಕೆಳಗೆ ನುಸುಳಿದಳು. ಆಗಾಗ ಟಕ್ ಟಕ್ ಎನ್ನುವ ಸದ್ದು. ಕೊನೆಗೆ ಒಮ್ಮೆ ಚರಕ್ ಎಂದಿತು. ಆ ಯುವಕ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವಳು ಕೂದಲಲ್ಲಿ ತುಕ್ಕಿನ ಪುಡಿ ಹೊತ್ತು ಹೊರಬಂದಳು.

"ಬಾಡಿ ನಮಗೆ ಬೇಡವಲ್ಲ, ತುಕ್ಕು ಹಿಡಿದರೆ ಏನಾಯ್ತು?" ಎಂದು ವಾಪಸು ಬರುವಾಗ ಕೇಳಿದೆ.

"ತುಕ್ಕು ಬಾಡಿಗಷ್ಟ ಹತ್ತಿಲ್ರೀ. ಮಿಷಿಗನ್‌ನ್ಯಾಗ ಹಿಮಕ್ಕ ರೋಡಿಗೆ ಉಪ್ಪು ಹಾಕ್ತಾರಲ್ಲ, ಅದು ಚಕ್ರ ಹಿಡಿಯೋ ಕಬ್ಬಿಣಾನೆಲ್ಲ ತಿಂದದ. ನಮಗ ಬೇಕಾಗಿದ್ದೇ ಅದು. ಬೋಲ್ಟ್ ತಿರುವಿದ್ರ ಮುರದು ಕೈಗೆ ಬರ್ತಾವು."

ಎರಡನೆಯದು ಪಕ್ಕದ ಊರು ನ್ಯೂಕ್ಯಾಸಲ್‌ನಲ್ಲಿ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ನಿವೃತ್ತ ಗೃಹಸ್ಥರೊಬ್ಬರು ಭಾನುವಾರಕ್ಕೊಮ್ಮೆ ಮಾತ್ರ ಹೊರತೆಗೆಯುತ್ತಿದ್ದ ಹಸಿರು ಕಾರು. ಕೆಳಗೆ ಒಂದು ಚುಕ್ಕೆ ತುಕ್ಕಿಲ್ಲ. ಮಂಡಿನೋವಿಗೆ ಕ್ಲಚ್ ಒತ್ತಲಾಗದೆ ಮಾರುತ್ತಿದ್ದರು. ನಾವು ಕೇಳಿಕೊಂಡಿದ್ದಕ್ಕೆ ಓಡಿಸಲು ಕೊಟ್ಟರು. ಟಾಪ್ ತೆಗೆದು ಬೆಟ್ಟದ ರಸ್ತೆಯಲ್ಲಿ ಒಂದು ಸುತ್ತು ಹಾಕಿದೆವು. ಅವಳು ಗೇರು ಬದಲಿಸುವಾಗ ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಇತ್ತು. ಇದೇ ಸರಿ ಎಂದುಕೊಂಡೆ. ಆದರೆ ಅವಳು ಕೀಲಿಯನ್ನು ಅವರ ಕೈಗಿಟ್ಟು, ಥ್ಯಾಂಕ್ಸ್ ಹೇಳಿ ಹೊರಟೇಬಿಟ್ಟಳು.

"ಇದರಲ್ಲೇನು ತಪ್ಪು ಕಂಡಿತು ನಿನಗೆ?"

"ಏನೂ ಇಲ್ಲ. ಅದಕ್ಕ ಬ್ಯಾಡ. ಇಷ್ಟ್ ಚಂದ ಓಡೋ ಗಾಡಿ ಕಡಿಯಾಕ ಕೈ ಬರಂಗಿಲ್ಲ."

"ಹಾಗಾದ್ರೆ ಕಡೀಬೇಡ. ಇದನ್ನೇ ತಗೊಂಡು ಓಡಿಸು. ಆ ಪೈಪು, ಫೈಬರ್ ಎಲ್ಲ ಯಾಕೆ?"

ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ಅವಳು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು:

"ನಮ್ ಕ್ಲಾಸಿನ್ಯಾಗ ನಾವು ಇಬ್ರೇ ಹುಡುಗ್ಯಾರು. ಲ್ಯಾಬಿನ್ಯಾಗ ಎಂಜಿನ್ ಬಿಚ್ಚೋ ದಿನ ಹುಡುಗ್ರೆಲ್ಲ ಸುತ್ತ ನಿಂತ್ರು. ಸರ್ ನಮಗೇನಂದ್ರು ಗೊತ್ತೇನು? ನಿಮ್ಮಿಬ್ರ ಅಕ್ಷರ ಚಂದ ಅದಾವು, ನೀವು ರೆಕಾರ್ಡ್ ಬರೀರಿ, ಚಿತ್ರ ತಗೀರಿ ಅಂದ್ರು. ನಾಕ್ ವರ್ಷ ಚಿತ್ರ ತಗದೆ. ಗೇರ್‌ಬಾಕ್ಸಿನ ಚಿತ್ರ ಈಗೂ ಕಣ್ ಮುಚ್ಚಿ ತಗೀತೀನಿ. ಒಂದ್ಸಲಾನೂ ಮುಟ್ಟಿಲ್ಲ. ಓಡ್ಸೋದು ಬ್ಯಾಡ್ರಿ ನನಗ. ಒಳಗ ಏನದ ಅಂತ ನೋಡಬೇಕು."

ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದೇನೆ. ಈ ಮಾತು ಕೇಳಿದ್ದು ಅದೇ ಮೊದಲು. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಬೇಕೆನಿಸಿತು. ಆದರೆ ನಾನು ಯಾವತ್ತಾದರೂ ಕೇಳಿದ್ದೆನೇ?

ಅದಾದ ಮೇಲೆ ನಾನೂ ಜಾಹೀರಾತುಗಳನ್ನು ನೋಡತೊಡಗಿದೆ. ಮೂರನೆಯ ಕಾರನ್ನು ಹುಡುಕಿದ್ದು ನಾನೇ. ಸ್ನೊಕ್ವಾಲ್ಮಿ ಎಂಬ ಊರಿನಲ್ಲಿತ್ತು. ಫೋಟೋದಲ್ಲಿ ಕಾರಿನ ನಡು ತಟ್ಟೆಯಂತೆ ಚಪ್ಪಟೆಯಾಗಿತ್ತು. ನಗುತ್ತಾಳೆಂದುಕೊಂಡು ತೋರಿಸಿದರೆ ಅವಳು ಫೋನನ್ನು ಕೈಗೆ ತೆಗೆದುಕೊಂಡು ಫೋಟೋ ದೊಡ್ಡದು ಮಾಡಿ, "ಮುಂದ ಏನೂ ಆಗಿಲ್ಲ. ಹಿಂದನೂ ಏನೂ ಆಗಿಲ್ಲ. ನಡ್ರಿ ಹೋಗೂಣು," ಎಂದಳು.

ಆ ಮನೆಯ ಒಡತಿ ಎಪ್ಪತ್ತರ ಆಸುಪಾಸಿನ ಎತ್ತರದ ಹೆಂಗಸು. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದವರಂತೆ. ಅವರು ಆಡಿದ್ದು ಇಂಗ್ಲಿಷಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನವೆಂಬರಿನ ಒಂದು ಬಿರುಗಾಳಿಯ ದಿನ ಬೆಳಿಗ್ಗೆ ಅವರು ಕೈಚೀಲವನ್ನು ಸೀಟಿನ ಮೇಲಿಟ್ಟು, ಕನ್ನಡಕ ಮರೆತದ್ದು ನೆನಪಾಗಿ ಮನೆಯೊಳಗೆ ಹೋಗಿದ್ದರು. ಕನ್ನಡಕ ಮೂಗಿಗೇರಿಸುವಷ್ಟರಲ್ಲಿ ಅಂಗಳದ ಫರ್ ಮರ ಬೇರುಸಮೇತ ಉರುಳಿ ಕಾರಿನ ನಡುವಿಗೆ ಅಡ್ಡ ಬಿತ್ತು.

"ಚೀಲದಲ್ಲಿದ್ದ ಬಾಚಣಿಗೆ ಕೂಡ ಎರಡು ತುಂಡಾಗಿತ್ತು," ಎಂದರು. ನಗುತ್ತಲೇ ಹೇಳಿದರು. ಆದರೆ ಕೈ ಮಾತ್ರ ಕಾರಿನ ಬಾನೆಟ್ಟನ್ನು ಬಿಟ್ಟಿರಲಿಲ್ಲ. ಒಬ್ಬರು ಬಂದು ಚಕ್ರ ಮಾತ್ರ ಸಾಕೆಂದರಂತೆ, ಇನ್ನೊಬ್ಬರು ಎಂಜಿನ್ ಮಾತ್ರ. ಇವರು ಯಾರಿಗೂ ಕೊಟ್ಟಿರಲಿಲ್ಲ.

"ನೀವು ಎಷ್ಟು ಭಾಗ ಉಪಯೋಗಿಸುತ್ತೀರಿ?" ಎಂದು ನನ್ನ ಹೆಂಡತಿಯನ್ನು ಕೇಳಿದರು.

"ಚಪ್ಪಟೆಯಾಗದ್ದೆಲ್ಲವನ್ನೂ," ಎಂದಳು ಅವಳು.

ಅವರು ಒಳಗೆ ಹೋಗಿ ಕಾರಿನ ಕಾಗದಪತ್ರಗಳ ಲಕೋಟೆ ತಂದರು. ಅದು ಸರಿಯಿಲ್ಲದಿದ್ದರೆ, ಕಾರು ಕಟ್ಟಿದ ಮೇಲೆ ನೋಂದಣಿಗೆ ಹೋದಾಗ ಭಾಗಗಳು ಎಲ್ಲಿಂದ ಬಂದವೆಂದು ತೋರಿಸಲಾಗದು. ಹೆಂಡತಿ ಅದನ್ನು ಎರಡು ಸಲ ಓದಿ, ಅಂಗಿಯ ತೋಳು ಮೇಲೆ ಮಡಚಿದಳು.

ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟಳು. ನಾಲ್ಕರ ತುದಿಯೂ ತಿಳಿ ಕಂದು. "ಚೆನ್ನಾಗಿ ಉರಿದಿವೆ," ಎಂದು ಅವರೂ ಬಗ್ಗಿ ನೋಡಿ ಹೇಳಿದರು. ಪ್ಲಗ್ಗುಗಳನ್ನು ಮತ್ತೆ ಕೂರಿಸಿ, ನಮ್ಮ ಬ್ಯಾಟರಿ ಜೋಡಿಸಿದೆವು. ಇನ್ನು ಎಂಜಿನ್ ಸ್ಟಾರ್ಟ್ ಮಾಡಬೇಕು. ಕ್ಲಚ್ ಒತ್ತದೆ ಅದು ಸ್ಟಾರ್ಟ್ ಆಗದು. ಒತ್ತಲು ಒಳಗೆ ಕೂರುವಂತಿಲ್ಲ, ಸ್ಟೇರಿಂಗ್ ಸೀಟಿಗೇ ಬಾಗಿ ಅಂಟಿಕೊಂಡಿತ್ತು. ಇಬ್ಬರು ಹೆಂಗಸರೂ ನನ್ನ ಕಡೆ ನೋಡಿದರು.

ನಾನು ಬಾಗಿಲಿನ ಕಡೆಯಿಂದ ಬೋರಲು ಮಲಗಿ ಕೈ ಚಾಚಿ, ಕ್ಲಚ್ಚನ್ನು ಎರಡೂ ಅಂಗೈಯಿಂದ ಒತ್ತಿಹಿಡಿದೆ. ಮೂಗಿನ ಹತ್ತಿರ ಗಾಜಿನ ಚೂರು, ಒಣಗಿದ ಫರ್ ಎಲೆಗಳ ವಾಸನೆ. ಅವಳು ನನ್ನ ತಲೆಯ ಮೇಲಿಂದ ಕೈ ತೂರಿಸಿ ಕೀಲಿ ತಿರುವಿದಳು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಹಿಡಿದುಕೊಂಡಿತು. ಟಿಕ್ ಟಿಕ್ ಟಿಕ್ ಎಂದು ಹೊಲಿಗೆಯಂತ್ರದ ಹಾಗೆ ಸದ್ದು. ಏನೋ ಕೆಟ್ಟಿದೆ ಎಂದುಕೊಂಡೆ. ಎಂಜಿನ್ನಿನೊಳಗೆ ಎಣ್ಣೆ ಮೇಲೇರುತ್ತಿದ್ದಂತೆ ಆ ಸದ್ದು ಕರಗಿ, ನಯವಾದ ಗುಂಯ್ ಮಾತ್ರ ಉಳಿಯಿತು. ಎದ್ದು ನೋಡಿದರೆ ಬಸ್ಸಿನ ಅಜ್ಜಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು.

"ಗೇರ್‌ಬಾಕ್ಸ್ ಹೇಗೆ ನೋಡ್ತೀಯ? ಇದು ಓಡಲ್ಲವಲ್ಲ?" ಎಂದೆ. ಈಗ ನಿಜಕ್ಕೂ ತಿಳಿಯಬೇಕೆನಿಸಿತ್ತು.

"ಓಡೋದು ಬ್ಯಾಡ. ಚಕ್ರ ತಿರುಗಿದ್ರ ಸಾಕು."

ಹಿಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿದಳು. ನಾನು ಮತ್ತೆ ಬೋರಲು ಮಲಗಿದೆ. ಅವಳು ಗೇರಿನ ಹಿಡಿ ಹಿಡಿದು "ಒತ್ತ್ರಿ" ಎಂದಾಗ ಒತ್ತಿದೆ, "ಬಿಡ್ರಿ, ಸಾವಕಾಶ" ಎಂದಾಗ ಬಿಟ್ಟೆ. ಅಜ್ಜಿ ಹಿಂದೆ ನಿಂತು ಚಕ್ರ ನೋಡುತ್ತ ಕೂಗಿ ಹೇಳುತ್ತಿದ್ದರು. ಒಂದನೇ ಗೇರು ಸರಿ. ಎರಡನೆಯದಕ್ಕೆ ಕರ್ರ್ ಎಂದು ಹಲ್ಲು ಕಡಿದಂತಾಯಿತು. ಹೆಂಡತಿಯ ಮುಖ ಸಣ್ಣದಾಯಿತು.

"ತಣ್ಣಗಿದ್ದಾಗ ಎರಡನೆಯದು ಯಾವಾಗಲೂ ಹಾಗೇ," ಎಂದು ಅಜ್ಜಿ ಕೂಗಿದರು. "ಹತ್ತು ನಿಮಿಷ ಬಿಡಿ."

ಮಾರುವವರ ಮಾತನ್ನು ನಂಬಬಾರದೆಂದು ಅವಳೇ ನನಗೆ ಪಾಠ ಮಾಡಿದ್ದಳು. ಆದರೂ ಕಾದಳು. ಹತ್ತು ನಿಮಿಷ ಎಂಜಿನ್ ತಿರುಗಲು ಬಿಟ್ಟು ಮತ್ತೆ ಹಾಕಿದಾಗ ಎರಡನೇ ಗೇರು ಸದ್ದಿಲ್ಲದೆ ಕೂತಿತು. ಮೂರು, ನಾಲ್ಕು, ಐದು, ರಿವರ್ಸ್, ಎಲ್ಲವೂ. ಅವಳು ಎಂಜಿನ್ ಆರಿಸಿ, ಗ್ರೀಸು ಮೆತ್ತಿದ ಕೈಯಲ್ಲೇ ಅಜ್ಜಿಯ ಕೈ ಕುಲುಕಿದಳು.

ಮುಂದಿನ ಶನಿವಾರ ಟೋ ಟ್ರಕ್ಕು ಅದನ್ನು ನಮ್ಮ ಮನೆಗೆ ತಂದಿತು. ಬಿಚ್ಚಲು ಎರಡು ತಿಂಗಳು ಹಿಡಿಯಿತು. ಗೇರ್‌ಬಾಕ್ಸ್ ಸರಿಯಾಗಿಯೇ ಇತ್ತು, ತೆರೆಯುವ ಅಗತ್ಯವಿರಲಿಲ್ಲ. ಅವಳು ತೆರೆದಳು. ಇಡೀ ಒಂದು ಭಾನುವಾರ ಅದರ ಹಲ್ಲುಚಕ್ರಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಸಾಲಿಟ್ಟು, ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಊಟಕ್ಕೆ ಎರಡು ಸಲ ಕರೆದೆ. ಮೂರನೆಯ ಸಲ ತಟ್ಟೆಯನ್ನೇ ಗ್ಯಾರೇಜಿಗೆ ಒಯ್ದು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ.

ಚಪ್ಪಟೆಯಾದ ಮೈ ಗುಜರಿಗೆ ಹೋಗುವ ದಿನ ಅಜ್ಜಿಗೆ ಫೋನ್ ಮಾಡಿದೆವು. ಬಂದರು, ಚಹಾ ಕುಡಿದರು. ಗುಜರಿಯ ಟ್ರಕ್ಕಿನ ಕಡೆ ಹೆಚ್ಚು ನೋಡದೆ, ಹೊಸ ಚೌಕಟ್ಟಿನಲ್ಲಿ ಆಗಲೇ ಕೂತಿದ್ದ ಎಂಜಿನ್ನಿನ ಬಳಿ ಬಗ್ಗಿ ನಿಂತು, ಎಣ್ಣೆ ಎಂಥದ್ದು ಹಾಕುತ್ತೀರಿ ಎಂದು ವಿಚಾರಿಸಿದರು.

ಈಗ ವೈರಿಂಗ್ ನಡೆಯುತ್ತಿದೆ. ಅದು ನನ್ನ ಪಾಲಿನ ಕೆಲಸ. ಹಳೆಯ ಕಾರಿನಿಂದ ತೆಗೆದ ಇಡೀ ವೈರುಗಳ ಕಟ್ಟನ್ನು ಹರಡಿಕೊಂಡು, ಪ್ರತಿಯೊಂದಕ್ಕೂ ಚೀಟಿ ಅಂಟಿಸುತ್ತೇನೆ. ಒಂದು ವೈರಿನ ಗುರುತು ಮಾತ್ರ ಮೂರು ವಾರ ಹತ್ತಲಿಲ್ಲ. ಹಸಿರು ವೈರು, ಮೇಲೊಂದು ಕಪ್ಪು ಗೆರೆ. ಅವಳಿಗೂ ಗೊತ್ತಾಗಲಿಲ್ಲ. ನಕ್ಷೆ ಇಟ್ಟುಕೊಂಡು ಬೆರಳಿನಿಂದ ಹಿಡಿದು ಹಿಡಿದು ಹೋದೆ. ಮೊನ್ನೆ ಸಿಕ್ಕಿತು. ಡಿಕ್ಕಿಯ ಮುಚ್ಚಳ ಎತ್ತಿದಾಗ ಹತ್ತುವ ಪುಟ್ಟ ದೀಪದ್ದು. ನಾವು ಕಟ್ಟುತ್ತಿರುವ ಕಾರಿಗೆ ಡಿಕ್ಕಿಯೇ ಇಲ್ಲ.

"ಕತ್ತರಿಸಿಬಿಡ್ಲಾ?" ಎಂದು ಕೇಳಿದೆ.

ಅವಳು ಕಾರಿನ ಕೆಳಗಿನಿಂದಲೇ ಹೇಳಿದಳು: "ಇರ್ಲಿ ಬಿಡ್ರೀ. ಎಲ್ಲರೆ ಒಂದ್ ದೀಪ ಹಚ್ಚೂಣು."